ನಾಲ್ಕನೆಯ ಲೋಟ

ತರಗತಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ನಾಲ್ಕು ತಿಂಗಳಾದರೂ ಇನ್ಸ್‌ಪೆಕ್ಟರಿಗೆ ಗೊತ್ತಾಗಿರಲಿಲ್ಲ. ಹಲಗೆಯ ಕಡೆ ತಿರುಗಿದರೆ ಬೆನ್ನಿಗೆ ಮೂವತ್ತೆರಡು ಜೊತೆ ಕಣ್ಣು. ಇಪ್ಪತ್ತೆಂಟು ವರ್ಷ ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂತು ಅಭ್ಯಾಸವಾದ ಮನುಷ್ಯ. ಸೀಮೆಸುಣ್ಣ ಹಿಡಿದು ಒಂದು ಸಾಲು ಬರೆಯುವುದರೊಳಗೆ ಎರಡು ಸಲ ಹಿಂದಕ್ಕೆ ನೋಡುತ್ತಿದ್ದರು. ಸಾಲು ಕೆಳಕ್ಕೆ ಜಾರುತ್ತಿತ್ತು. ಕುರ್ಚಿಯಲ್ಲಿ ಕೂತರೆ ಮೊಣಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಎದ್ದು ಬೆಂಚುಗಳ ನಡುವೆ ಓಡಾಡಿದರೆ ವಿದ್ಯಾರ್ಥಿಗಳು ತಂತಮ್ಮ ಚೀಲಗಳನ್ನು ಕಾಲ ಬುಡಕ್ಕೆ ಎಳೆದುಕೊಳ್ಳುತ್ತಿದ್ದರು, ಜಪ್ತಿಗೆ ಬಂದವರನ್ನು ಕಂಡ ಹಾಗೆ.

"ಪಾಠ ಮಾಡೋಕೆ ಹೋಗ್ತೀರೋ ಗಸ್ತು ತಿರುಗೋಕೆ ಹೋಗ್ತೀರೋ?" ಎಂದು ಹೆಂಡತಿ ಒಂದು ದಿನ ಕೇಳಿದ್ದಳು. "ಮೇಷ್ಟ್ರ ಬೂಟು ಇಷ್ಟು ಬೇಗ ಸವೆದಿದ್ದನ್ನ ನಾನೆಲ್ಲೂ ಕಾಣೆ."

"ಕೂತ್ರೆ ಮಾತು ಬರಲ್ಲ ಕಣೇ."

"ಕೂತ್ಕೊಂಡೇ ಅಲ್ವಾ ಊರವರ ಬಾಯೆಲ್ಲಾ ಬಿಡಿಸಿದ್ದು?"

ಅದು ಸುಳ್ಳಲ್ಲ. ಇಲಾಖೆಯಲ್ಲಿ ಅವರಿಗೆ ಅರ್ಧಗಂಟೆ ಸಾಹೇಬರು ಎಂದು ಹೆಸರಿತ್ತು. ಎಂಥ ಗಟ್ಟಿ ಆಸಾಮಿಯನ್ನು ತಂದು ಕೂರಿಸಿದರೂ ಅರ್ಧ ಗಂಟೆಯೊಳಗೆ ಒಪ್ಪಿಗೆ ಹೇಳಿಕೆ ಬರೆಸಿಕೊಂಡು ಹೊರಗೆ ಬರುತ್ತಿದ್ದರು. ಯಾರ ಮೈಮೇಲೂ ಒಂದೇಟು ಬಿದ್ದದ್ದಿಲ್ಲ, ಬೈಗುಳವಿಲ್ಲ, ಏರುದನಿಯೂ ಇಲ್ಲ. ಪಕ್ಕದ ಠಾಣೆಯವರು ಕೈ ನೋವು ಮಾಡಿಕೊಂಡು ಸುಸ್ತಾದಾಗ ಇವರಿಗೆ ಹೇಳಿಕಳಿಸುತ್ತಿದ್ದರು. ಕಾನ್‌ಸ್ಟೇಬಲ್ಲಾಗಿ ಸೇರಿ, ಸಂಜೆ ಕಾಲೇಜಿನಲ್ಲಿ ಓದಿ ಕಾನೂನು ಪದವಿ ಪಡೆದು ಮೇಲೆ ಬಂದವರು. ಓದಿದ್ದು ಸಂಜೆಯಾದ್ದರಿಂದಲೋ ಏನೋ, ಹಗಲಲ್ಲಿ ಓದಿದವರ ಮುಂದೆ ತಮಗೆ ಏನೋ ಒಂದು ಕಡಿಮೆ ಎಂಬ ಅನುಮಾನ ಅವರನ್ನು ಬಿಟ್ಟಿರಲಿಲ್ಲ. ಆ ಅನುಮಾನ ಮುಚ್ಚಿಕೊಳ್ಳಲು ಇದ್ದದ್ದು ಇದೊಂದೇ ಹೆಮ್ಮೆ: ನಾನು ಯಾರನ್ನೂ ಹೊಡೆದವನಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಕೆಲಸ ಬಿಟ್ಟು, ತಾವು ಓದಿದ್ದಂಥದೇ ಒಂದು ಸಂಜೆ ಕಾಲೇಜಿನಲ್ಲಿ ಅಪರಾಧ ಮತ್ತು ನ್ಯಾಯದ ಡಿಪ್ಲೊಮಾ ತರಗತಿಗೆ ಪಾಠ ಮಾಡಲು ಸೇರಿದ್ದರು. ಸದ್ಯಕ್ಕೆ ಒಂದೇ ಸೆಮಿಸ್ಟರಿನ ನೇಮಕ. ಫಲಿತಾಂಶ ನೋಡಿ ಮುಂದುವರಿಸುವುದು ಎಂದು ಪ್ರಿನ್ಸಿಪಾಲ್ ಮೇಡಂ ಮೊದಲ ದಿನವೇ ಹೇಳಿದ್ದರು. ಆದ್ದರಿಂದ ಪ್ರತಿ ಪಾಠವನ್ನೂ ಮನೆಯಲ್ಲಿ ಎರಡು ಸಲ ಬರೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಒಪ್ಪಿಸಿ ಹೋಗುತ್ತಿದ್ದರು. ತರಗತಿಯಲ್ಲಿ ಮಾತ್ರ ಅದರ ಅರ್ಧವೂ ನೆನಪಿಗೆ ಬರುತ್ತಿರಲಿಲ್ಲ.

ಒಮ್ಮೆ ವಿಚಾರಣೆಯ ಪಾಠ ಮಾಡುವಾಗ, ಪುಸ್ತಕದ ಭಾಷೆ ಕೈಕೊಟ್ಟು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಮ್ಮ ಕೆಲಸ ಹೆಗಲು ಕಾಯೋದು ಅಷ್ಟೇ" ಎಂದಿದ್ದರು.

ಹಿಂದಿನ ಬೆಂಚಿನಿಂದ ಲಿಫ್ಟ್ ಮೆಕ್ಯಾನಿಕ್ಕು ಕೈ ಎತ್ತಿದ. ಹಗಲೆಲ್ಲ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿ, ಉಗುರಿನ ಸಂದಿಯಲ್ಲಿ ಗ್ರೀಸು ಇಟ್ಟುಕೊಂಡೇ ತರಗತಿಗೆ ಬರುವವನು. "ಸರ್, ಕುಂಬಳಕಾಯಿ ಬೂದಿ ಹೆಗಲಿಗೆ ಹತ್ತಿದೆಯೇನೋ ಅಂತ ಕಳ್ಳ ಅಲ್ಲದೋನೂ ನೋಡ್ಕೊಳ್ಳಲ್ವಾ? ಗಾಬರಿಗೆ?"

ತರಗತಿ ನಕ್ಕಿತು. ಇನ್ಸ್‌ಪೆಕ್ಟರೂ ನಕ್ಕರು. ಆಮೇಲೆ ಹಲಗೆ ಒರೆಸಿದರು.

ಸೆಮಿಸ್ಟರಿನ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಅದೊಂದರಲ್ಲಾದರೂ ತಮ್ಮ ಕಸುಬು ತೋರಿಸಬಹುದು ಎಂದು ಇನ್ಸ್‌ಪೆಕ್ಟರು ಮೂರು ದಿನ ಒದ್ದಾಡಿ ಸಿದ್ಧಮಾಡಿದರು. ಕಾಲೇಜಿನ ಹಳೆಯ ಉಗ್ರಾಣವನ್ನು ಗುಡಿಸಿಸಿ, ಅದನ್ನು ಕೊಲೆ ನಡೆದ ಕೋಣೆಯ ಹಾಗೆ ಸಜ್ಜುಮಾಡಿದರು. ಒಂದು ಮೇಜು, ಉರುಳಿದ ಕುರ್ಚಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮನುಷ್ಯಾಕಾರ, ಹರಿದ ಕ್ಯಾಲೆಂಡರು, ಮೇಜಿನ ಮೇಲೆ ಕ್ಯಾಂಟೀನಿನಿಂದ ತಂದ ಮೂರು ಗಾಜಿನ ಲೋಟ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಳಗೆ ಹೋಗಬೇಕು. ಐದು ನಿಮಿಷ ಕಣ್ಣಲ್ಲಿ ನೋಡಬೇಕು, ಏನನ್ನೂ ಮುಟ್ಟುವ ಹಾಗಿಲ್ಲ. ಆಮೇಲೆ ಪರೀಕ್ಷೆಯ ಹಾಲಿಗೆ ಬಂದು ಕೂತು, ಕೋಣೆಯ ನಕ್ಷೆ ಬರೆದು ಏನೇನು ಎಲ್ಲೆಲ್ಲಿತ್ತು ಎಂದು ನಮೂದಿಸಬೇಕು.

ಹದಿನಾರು ಜೋಡಿ ಮುಗಿಯುವವರೆಗೂ ಇನ್ಸ್‌ಪೆಕ್ಟರು ಉಗ್ರಾಣದ ಬಾಗಿಲು ಬಿಟ್ಟು ಅಲುಗಲಿಲ್ಲ. ಅಟೆಂಡರು ಟೀ ತಂದಾಗಲೂ ನಿಂತೇ ಕುಡಿದರು.

ಉತ್ತರ ಪತ್ರಿಕೆ ತಿದ್ದಲು ಕೂತಾಗ ಮೂವತ್ತು ಜನ ಮೂರು ಲೋಟ ಬರೆದಿದ್ದರು. ಇಬ್ಬರು ನಾಲ್ಕು ಬರೆದಿದ್ದರು. ಇಬ್ಬರೂ ಒಂದೇ ಬೆಂಚಿನವರು: ಲಿಫ್ಟ್ ಮೆಕ್ಯಾನಿಕ್ಕು ಮತ್ತು ಟೈಲರಮ್ಮ. ಇಬ್ಬರ ನಕ್ಷೆಯಲ್ಲೂ ನಾಲ್ಕನೆಯ ಲೋಟ ಕಿಟಕಿಯ ಕಟ್ಟೆಯ ಮೇಲೆ, ಅದೇ ಎಡಮೂಲೆಯಲ್ಲಿ. ಟೈಲರಮ್ಮ ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಲೋಟದ ಕೆಳಗೆ ಮಡಿಚಿದ ಕಾಗದ" ಎಂದೂ ಬರೆದಿದ್ದಳು.

ಇನ್ಸ್‌ಪೆಕ್ಟರು ಕೆಂಪು ಪೆನ್ನು ಕೆಳಗಿಟ್ಟರು. ಇಲ್ಲದ ಲೋಟ ಇಬ್ಬರ ಕಣ್ಣಿಗೆ ಒಂದೇ ಜಾಗದಲ್ಲಿ ಕಾಣುವುದಿಲ್ಲ. ಒಬ್ಬರು ತಪ್ಪು ಬರೆದಿದ್ದಾರೆ, ಇನ್ನೊಬ್ಬರು ಅದನ್ನು ನೋಡಿ ಬರೆದಿದ್ದಾರೆ. ಸಾಲದ್ದಕ್ಕೆ ಕಾಗದ ಬೇರೆ. ಸುಳ್ಳು ಹೇಳುವವರು ಅದಕ್ಕೊಂದು ಕಸೂತಿ ಹಾಕದೆ ಬಿಡುವುದಿಲ್ಲ ಎಂಬುದು ಅವರ ಅನುಭವ.

ಮರುದಿನ ಸಂಜೆ ಆರೂಮುಕ್ಕಾಲಿಗೆ ಟೈಲರಮ್ಮನನ್ನು ಸ್ಟಾಫ್ ರೂಮಿಗೆ ಕರೆಸಿದರು. ಅವಳು ಮೂವತ್ನಾಲ್ಕರ ಹೆಂಗಸು. ಜೈಲಿನ ಇಲಾಖೆಗೆ ಸಮವಸ್ತ್ರ ಹೊಲಿದುಕೊಡುತ್ತಿದ್ದವಳು. ಹೆಂಗಸರ ಜೈಲಿನಲ್ಲಿ ಹೊಲಿಗೆ ಕಲಿಸುವ ಹುದ್ದೆಗೆ ಈ ಡಿಪ್ಲೊಮಾ ಬೇಕು ಎಂದು ಸೇರಿದ್ದಳು. ಮೂವತ್ತೈದು ದಾಟಿದರೆ ಆ ಹುದ್ದೆ ಇಲ್ಲ. ಇದೆಲ್ಲ ಅವಳ ಅರ್ಜಿಯಲ್ಲೇ ಇತ್ತು. ಇನ್ಸ್‌ಪೆಕ್ಟರು ಓದಿಕೊಂಡೇ ಕೂತಿದ್ದರು.

ಅವರು ಮಾಡಿದ್ದು ಯಾವುದನ್ನೂ ಯೋಚಿಸಿ ಮಾಡಲಿಲ್ಲ. ನಡುವೆ ಇದ್ದ ಮೇಜನ್ನು ಗೋಡೆಗೆ ಸರಿಸಿದರು. ಅವಳ ಕುರ್ಚಿಯನ್ನು ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿದರು. ತಮ್ಮ ಕುರ್ಚಿಯನ್ನು ಅವಳಿಗೂ ಬಾಗಿಲಿಗೂ ನಡುವೆ ಎಳೆದುಕೊಂಡರು.

"ಟೀ ತರಿಸ್ಲಾ?"

"ಬೇಡ ಸರ್. ಏನ್ ವಿಷ್ಯ?"

"ನೀವೇ ಹೇಳಿ."

ಟೈಲರಮ್ಮ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ಏನು ಹೇಳ್ಲಿ?"

ಇನ್ಸ್‌ಪೆಕ್ಟರು ಅವಳ ಉತ್ತರ ಪತ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಮೊದಲ ಮೌನ ಎಷ್ಟು ಉದ್ದ ಇರಬೇಕು ಎಂಬುದು ಅವರ ಮೈಗೇ ಗೊತ್ತಿತ್ತು.

"ಲೋಟದ್ದಾ ಸರ್? ನಾನು ನೋಡಿದ್ದನ್ನೇ ಬರೆದೆ."

"ಇರ್ಲಿ. ಲಿಫ್ಟಿನವರು ಎಲ್ಲಾ ಹೇಳಿ ಆಯ್ತು."

ಲಿಫ್ಟಿನವನು ಏನೂ ಹೇಳಿರಲಿಲ್ಲ. ಅವನನ್ನು ಅವರು ಕರೆಸಿಯೇ ಇರಲಿಲ್ಲ.

"ಏನಂತ ಹೇಳಿದ್ರು?"

"ಅದು ಬಿಡಿ. ಅವರ ಬಾಯಲ್ಲಿ ಬಂದಿದ್ದಕ್ಕೂ ನಿಮ್ಮ ಬಾಯಲ್ಲಿ ಬರೋದಕ್ಕೂ ವ್ಯತ್ಯಾಸ ಇದೆ. ನಿಮ್ಮಂಥವರು ಬೇಕು ಅಂತ ಮಾಡಲ್ಲ, ನಂಗೊತ್ತು. ಮನೆ, ಮಗು, ಹೊಲಿಗೆ, ಇದರ ಮಧ್ಯೆ ಓದು. ಒಂದು ಕ್ಷಣ ಕಣ್ಣು ಪಕ್ಕಕ್ಕೆ ಹೋಗುತ್ತೆ. ದೊಡ್ಡದೇನಲ್ಲ."

ಅವಳು ಗೋಡೆಯ ಗಡಿಯಾರ ನೋಡಿದಳು. ಅದನ್ನೂ ಅವರು ಗಮನಿಸಿದರು. ಗಡಿಯಾರ ನೋಡುವವರು ಒಪ್ಪಿಗೆಯ ಹತ್ತಿರ ಬಂದರು ಎಂದು ಅರ್ಥ. ಏಳೂಕಾಲಿಗೆ ಅವಳ ಉಸಿರು ಬದಲಾಯಿತು. "ಲಿಫ್ಟಿನಣ್ಣನದು ನೋಡ್ಕೊಂಡು ಬರೆದೆ ಅಂತ ಬರೆದುಕೊಟ್ರೆ ಹೋಗ್ಬಹುದಾ ಸರ್?"

ಅವರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಅವಳು ನಿಂತುಕೊಂಡೇ ನಾಲ್ಕು ಸಾಲು ಬರೆದು, ಸಹಿ ಹಾಕಿ, ಹೆಚ್ಚುಕಡಿಮೆ ಓಡುತ್ತಾ ಹೋದಳು.

ಆ ಸಂಜೆ ಇನ್ಸ್‌ಪೆಕ್ಟರು ಮನೆಗೆ ನಡೆದುಕೊಂಡೇ ಹೋದರು. ನಾಲ್ಕು ತಿಂಗಳಿನಿಂದ ಮೈಯಲ್ಲಿ ಹರಿದಾಡುತ್ತಿದ್ದ ಇರುವೆಗಳು ಇರಲಿಲ್ಲ. ಊಟಕ್ಕೆ ಕೂತಾಗ ಮೊಣಕಾಲು ಕುಣಿಯಲಿಲ್ಲ. "ಇವತ್ತು ಪಾಠ ಚೆನ್ನಾಗಿ ಆಯ್ತೇನೋ," ಎಂದಳು ಹೆಂಡತಿ. ಹೂಂ ಎಂದರು. ಟೈಲರಮ್ಮನ ಕಾಗದ ಆಗಲೇ ಪ್ರಿನ್ಸಿಪಾಲರ ಟಪಾಲಿಗೆ ಹೋಗಿತ್ತು. ಶನಿವಾರ ಶಿಸ್ತು ಸಮಿತಿ. ನಕಲು ಸಾಬೀತಾದರೆ ಒಂದು ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ಕಾಲೇಜಿನ ನಿಯಮ.

ಗುರುವಾರ ಅಟೆಂಡರು ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲೇ ನಿಂತ. "ಸರ್, ಕ್ಯಾಂಟೀನಿನೋನು ಲೋಟ ಕೇಳ್ತಾ ಇದಾನೆ. ನಾಲ್ಕೂ ಕೊಟ್ಟುಬಿಡ್ಲಾ?"

"ಮೂರು."

"ನಾಲ್ಕಿವೆ ಸರ್."

"ಮೂರಪ್ಪಾ. ನಾನೇ ಎಣಿಸಿ ಇಟ್ಟಿದ್ದು."

"ಪರೀಕ್ಷೆ ಮುಗಿದ ಮೇಲೆ ರೂಮಲ್ಲಿ ಇರೋದನ್ನೆಲ್ಲ ಡಬ್ಬಕ್ಕೆ ಹಾಕಿ ಬೀಗ ಹಾಕು ಅಂದ್ರಿ. ಇದ್ದಿದ್ದನ್ನ ಹಾಕಿದೀನಿ. ಬೇಕಾದ್ರೆ ನೋಡಿ, ಆಮೇಲೆ ನಂಗೆ ಕದ್ದೆ ಅಂದ್ರೆ ಕಷ್ಟ."

ಡಬ್ಬ ತೆರೆಸಿದರು. ಮೂರು ಲೋಟಗಳು ಸ್ವಚ್ಛವಾಗಿದ್ದವು. ನಾಲ್ಕನೆಯದರ ತಳದಲ್ಲಿ ಟೀ ಒಣಗಿ ಕಂದು ಬಳೆಯಾಗಿತ್ತು. ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಅಂಟಿಕೊಂಡಿತ್ತು.

ಬಿಡಿಸಿ ನೋಡುವ ಅಗತ್ಯ ಇರಲಿಲ್ಲ. ಆದರೂ ಬಿಡಿಸಿದರು. ಹಾಜರಿ ಪಟ್ಟಿಯ ಹರಿದ ತುಂಡು, ಅದರ ಮೇಲೆ ಅವರದೇ ಅಕ್ಷರ. ಮೇಜಿನ ಮೇಲೆ ಟೀ ಕಲೆ ಬೀಳುತ್ತದೆ ಎಂದು ಹೆಂಡತಿ ಮೂವತ್ತು ವರ್ಷ ಬೈದು ಬೈದು ಕಲಿಸಿದ ಅಭ್ಯಾಸ: ಲೋಟ ಇಡುವ ಮೊದಲು ಕೈಗೆ ಸಿಕ್ಕಿದ ಕಾಗದ ಮಡಿಚಿ ಕೆಳಗಿಡುವುದು. ಹದಿನೈದನೆಯ ಜೋಡಿ ಹೊರಗೆ ಬಂದಾಗ ಉರುಳಿಸಿಟ್ಟ ಕುರ್ಚಿ ಸ್ವಲ್ಪ ಸರಿದಿತ್ತು. ಅದನ್ನು ಸರಿಮಾಡಲು ಒಳಗೆ ಹೋಗಿದ್ದರು. ಎರಡೂ ಕೈ ಬೇಕಾಗಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಆಮೇಲೆ ಕೊನೆಯ ಜೋಡಿ ಒಳಗೆ ಹೋಗಿತ್ತು.

ಕೊನೆಯ ಜೋಡಿ ಯಾರು ಎಂದು ಪಟ್ಟಿ ನೋಡಬೇಕಾಗಿರಲಿಲ್ಲ.

"ಕೊಟ್ಟುಬಿಡ್ಲಾ ಸರ್?" ಅಟೆಂಡರು ಮತ್ತೆ ಕೇಳಿದ.

"ಮೂರು ಕೊಡು. ಇದು ಇರ್ಲಿ."

"ಅಂದ್ರೆ ನಾಲ್ಕಿತ್ತು ಅಂತಾಯ್ತಲ್ಲ?"

"ನಾಲ್ಕಿತ್ತು," ಎಂದರು ಇನ್ಸ್‌ಪೆಕ್ಟರು.

ಆ ಸಂಜೆ ತರಗತಿಯಲ್ಲಿ ಏನು ಪಾಠ ಮಾಡಿದರೋ ಅವರಿಗೇ ತಿಳಿಯಲಿಲ್ಲ. ಟೈಲರಮ್ಮ ಬಂದಿರಲಿಲ್ಲ. ಲಿಫ್ಟ್ ಮೆಕ್ಯಾನಿಕ್ಕು ಬೆಂಚು ಬದಲಾಯಿಸಿ ಗೋಡೆಯ ಕಡೆ ಕೂತಿದ್ದ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಗೆ ಬಂದರೆ ಕೂರಲಾಗಲಿಲ್ಲ. ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆ.

"ನೆಲ ಸವೆಯುತ್ತೆ, ಕೂತ್ಕೊಳ್ರೀ. ಏನಾಯ್ತು?"

ಹೇಳಿದರು. ಹೆಂಡತಿ ಸಣ್ಣದಾಗಿ ಉರಿಯುತ್ತಿದ್ದ ಒಲೆಯನ್ನು ಪೂರ್ತಿ ಆರಿಸಿ ಕೇಳಿಸಿಕೊಂಡಳು.

"ಆಯ್ತು, ನಾಳೆ ಹೋಗಿ ತಪ್ಪಾಯ್ತು ಅನ್ನಿ. ಲೋಟ ಮರೆಯೋದು ಮಹಾ ಅಪರಾಧವಾ?"

"ಲೋಟ ಅಲ್ಲ ಕಣೇ. ಮಾಡದೇ ಇರೋದನ್ನ ಮಾಡಿದೆ ಅಂತ ಅವಳು ಬರೆದುಕೊಟ್ಟಳು. ಅದೂ ಅರ್ಧ ಗಂಟೇಲಿ. ನಾನು ಬೆರಳೂ ಎತ್ತಲಿಲ್ಲ."

ಹೆಂಡತಿಗೆ ಆ ಮಾತು ಎಲ್ಲಿಗೆ ಹೋಗುತ್ತಿದೆ ಎಂಬುದು ಗೊತ್ತಾಯಿತು. "ಊಟ ಮಾಡಿ" ಎಂದಳು.

ಅವರ ಕಣ್ಣ ಮುಂದೆ ಮುಖಗಳು ಬಂದವು. ಹೆಸರು ನೆನಪಿಲ್ಲದ, ಬರಿ ಕೂತ ಭಂಗಿ ನೆನಪಿರುವ ಮುಖಗಳು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡವನು. ಚಪ್ಪಲಿಯನ್ನು ಕಳಚಿ ಜೋಡಿಸಿಟ್ಟು ಕೂತವನು. ಒಬ್ಬೊಬ್ಬರೂ ಯಾವುದೋ ಒಂದು ಗಳಿಗೆಯಲ್ಲಿ ಗಡಿಯಾರ ನೋಡಿದ್ದರು. ಆ ನೋಟವನ್ನು ತಾವು ಇಷ್ಟು ವರ್ಷ ಏನೆಂದು ಓದಿಕೊಂಡಿದ್ದದ್ದು?

ಶುಕ್ರವಾರ ಬೆಳಗ್ಗೆ ಪ್ರಿನ್ಸಿಪಾಲ್ ಮೇಡಂ ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ಲೋಟವನ್ನೂ ಕಾಗದವನ್ನೂ ನೋಡಿದರು. ಆಮೇಲೆ ಟಪಾಲು ಫೈಲಿನಿಂದ ಟೈಲರಮ್ಮನ ನಾಲ್ಕು ಸಾಲನ್ನು ಎಳೆದು ಮೇಜಿನ ಮೇಲೆ ಇಟ್ಟರು.

"ಇದನ್ನ ನಾನಿನ್ನೂ ಸಮಿತಿಗೆ ಕೊಟ್ಟಿಲ್ಲ. ಹರಿದುಹಾಕಿ. ಇಬ್ಬರಿಗೂ ಪೂರ್ತಿ ಅಂಕ ಹಾಕಿ. ಹಾವೂ ಸಾಯಬಾರ್ದು, ಕೋಲೂ ಮುರಿಯಬಾರ್ದು."

"ತನಿಖಾಧಿಕಾರಿನೇ ಸ್ಥಳ ಕೆಡಿಸಿದ ಅಂತ ದಾಖಲಾಗೋದು ಬೇಡ್ವಾ ಮೇಡಂ?"

"ಸರ್, ನಿಮ್ಮ ನೇಮಕದ ಫೈಲು ಮುಂದಿನ ವಾರ ಆಡಳಿತ ಮಂಡಳಿಗೆ ಹೋಗುತ್ತೆ. ವಿದ್ಯಾರ್ಥಿನಿ ಹತ್ರ ಒತ್ತಾಯದಿಂದ ಬರೆಸಿಕೊಂಡ್ರು ಅನ್ನೋ ಮಾತು ಆ ಫೈಲಲ್ಲಿ ಇದ್ರೆ ಅವರು ಏನು ಮಾಡ್ತಾರೆ ಅಂತ ನಾನು ಹೇಳ್ಬೇಕಾ? ನೀವು ಒಳ್ಳೆಯವರು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಎತ್ತುತ್ತೀರಿ?"

ಕಾಗದ ಜೇಬಿಗೆ ಬಂತು. ನಿಜ ಹೇಳಬೇಕೆಂದರೆ ಮೆಟ್ಟಿಲು ಇಳಿಯುವಾಗ ಅವರಿಗೆ ಹಗುರವೆನಿಸಿತು. ಮೇಡಂ ಹೇಳಿದ್ದರಲ್ಲಿ ಯಾರಿಗೂ ಕೆಡುಕಿರಲಿಲ್ಲ. ಇದನ್ನು ಟೈಲರಮ್ಮನ ಕೈಗೇ ಕೊಟ್ಟು, ಅವಳೇ ಹರಿಯಲಿ, ಅಷ್ಟಾದರೆ ಮುಗಿಯಿತು ಎಂದುಕೊಂಡು ಅವಳ ಅಂಗಡಿ ಹುಡುಕಿಕೊಂಡು ಹೋದರು.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಜಾಗ. ಒಂದು ಹೊಲಿಗೆ ಯಂತ್ರ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಖಾಕಿ ಪ್ಯಾಂಟುಗಳು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕಾಲರ್ ತಿರುಗಿಸುತ್ತಿದ್ದಳು. ಇವರನ್ನು ಕಂಡು ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಕೂರಿ ಎನ್ನಲಿಲ್ಲ. ಕೂರಲು ಜಾಗವೂ ಇರಲಿಲ್ಲ.

ಇನ್ಸ್‌ಪೆಕ್ಟರು ನಿಂತೇ ಎಲ್ಲವನ್ನೂ ಹೇಳಿ ಕಾಗದವನ್ನು ಯಂತ್ರದ ಮೇಲೆ ಇಟ್ಟರು.

ಅವಳು ಅದನ್ನು ಮುಟ್ಟಲಿಲ್ಲ. "ಅಂದ್ರೆ ಲೋಟ ಇತ್ತು."

"ಇತ್ತಮ್ಮ."

"ಎರಡು ದಿನದಿಂದ ನಂಗೇ ಅನುಮಾನ ಬಂದುಬಿಟ್ಟಿತ್ತು ಸರ್. ಲೋಟ ನೋಡಿದ್ನೋ ಇಲ್ವೋ ಅಂತ. ಅಳತೆ ತಗೊಳ್ಳುವಾಗ ಟೇಪಲ್ಲಿ ಮೂವತ್ತೆರಡು ಕಾಣುತ್ತೆ, ಇದೂ ಸರಿನೋ ಇಲ್ವೋ ಅಂತ ಮತ್ತೆ ಅಳೀತೀನಿ."

"ಮತ್ತೆ ಯಾಕೆ ಒಪ್ಪಿಕೊಂಡ್ರಿ?" ಕೇಳಬಾರದು ಎಂದುಕೊಂಡೇ ಬಂದಿದ್ದರು. ಆದರೂ ಬಾಯಿಂದ ಬಂದೇಬಿಟ್ಟಿತು.

"ಏಳೂವರೆ ಬಸ್ಸಿತ್ತು. ಅದು ತಪ್ಪಿದ್ರೆ ಎಂಟೂಕಾಲು. ಮಗಳು ಪಕ್ಕದ ಮನೆ ಅಕ್ಕನ ಹತ್ರ ಇರ್ತಾಳೆ, ಅವರು ಎಂಟಕ್ಕೆ ಡ್ಯೂಟಿಗೆ ಹೊರಡಬೇಕು. ಮಗು ಹೊರಗೆ ನಿಲ್ಲಬೇಕಾಗುತ್ತೆ." ಅವಳು ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. "ನೀವು ಬಾಗಿಲಿಗೆ ಅಡ್ಡ ಕೂತಿದ್ರಿ. ನಾನು ಇಲ್ಲ ಅಂದಷ್ಟು ಹೊತ್ತೂ ನೀವು ಏಳಲ್ಲ ಅಂತ ಗೊತ್ತಾಯ್ತು. ಹೌದು ಅಂದ್ರೆ ಏಳ್ತೀರಿ ಅಂತ್ಲೂ ಗೊತ್ತಾಯ್ತು."

ಇನ್ಸ್‌ಪೆಕ್ಟರು ಖಾಕಿ ಪ್ಯಾಂಟಿನ ಸಾಲನ್ನೇ ನೋಡುತ್ತ ನಿಂತರು.

"ಒಂದು ಮಾತು ಸರ್. ಅಷ್ಟು ಹೊತ್ತು ಕೂರಿಸ್ಕೊಂಡ್ರಲ್ಲ, ಆ ಲೋಟ ಹೆಂಗಿತ್ತು, ಕಾಗದ ಯಾವ ಬಣ್ಣ ಅಂತ ಒಂದು ಸಲನೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನೀಲಿ ಗೆರೆ ಇತ್ತು ಅದರ ಮೇಲೆ."

"ಹಾಜರಿ ಪಟ್ಟಿ," ಎಂದರು. "ಈ ಕಾಗದ ಹರಿದುಬಿಡಿ. ಇಬ್ಬರಿಗೂ ಪೂರ್ತಿ ಅಂಕ ಬರುತ್ತೆ. ಇದು ಯಾರಿಗೂ ಗೊತ್ತಾಗಲ್ಲ."

"ಆಗಲೇ ಗೊತ್ತಾಗಿದೆಯಲ್ಲ. ಅಟೆಂಡರಿಂದ ಹಿಡಿದು ಎಲ್ಲರಿಗೂ. ಲಿಫ್ಟಿನಣ್ಣ ಅವತ್ತೇ ಫೋನ್ ಮಾಡಿ, ಅಕ್ಕಾ, ನನ್ನನ್ನೂ ಸೇರಿಸಿ ಬರೆದುಕೊಟ್ರಂತಲ್ಲ, ನಾನು ನಿಮಗೆ ಏನು ಮಾಡಿದ್ದೆ ಅಂದ. ನಿನ್ನೆ ಕಾಲೇಜಿನ ಗೇಟಿನವರೆಗೂ ಬಂದು ವಾಪಸ್ ಬಂದೆ." ಅವಳು ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಅವರ ಕಡೆಗೇ ಚಾಚಿದಳು. "ಇದನ್ನ ಹರಿದ್ರೆ, ನಾನು ನಕಲು ಮಾಡಿದ್ದು ನಿಜ, ಸರ್ ಪಾಪ ಅಂತ ಬಿಟ್ರು ಅಂತ ಆಗುತ್ತೆ. ನಂಗೆ ಅಂಕ ಬೇಕು ಸರ್, ಇಲ್ಲ ಅನ್ನಲ್ಲ. ಈ ವರ್ಷ ತಪ್ಪಿದ್ರೆ ಆ ಕೆಲಸ ಹೋಯ್ತು. ಆದ್ರೆ ಪಾಪ ಅಂತ ಬೇಡ."

ಅವರು ಕಾಗದವನ್ನು ವಾಪಸು ತೆಗೆದುಕೊಂಡರು. ಅವಳು ಆಗಲೇ ಯಂತ್ರದ ಚಕ್ರ ತಿರುಗಿಸಿದ್ದಳು.

ಆ ಮಧ್ಯಾಹ್ನ ಇನ್ಸ್‌ಪೆಕ್ಟರು ಊಟದ ಮೇಜಿನಲ್ಲಿ ಕೂತು ತಮ್ಮ ಹೇಳಿಕೆ ಬರೆಯಲು ಶುರುಮಾಡಿದರು. ಇತರರ ಹೇಳಿಕೆಗಳನ್ನು ನೂರಾರು ಬರೆಸಿದ ಕೈ. ನನ್ನ ಹೆಸರು, ವಯಸ್ಸು, ವೃತ್ತಿಯವರೆಗೆ ಸಲೀಸಾಗಿ ಬಂತು. ಆಮೇಲೆ "ಅಚಾತುರ್ಯದಿಂದ" ಎಂದು ಬರೆದು ಹೊಡೆದುಹಾಕಿದರು. "ಸದುದ್ದೇಶದಿಂದಲೇ" ಎಂದು ಬರೆದು ಅದನ್ನೂ ಹೊಡೆದುಹಾಕಿದರು. ಎದ್ದು ನೀರು ಕುಡಿದರು. ಹಿತ್ತಲ ಬಾಗಿಲ ಚಿಲಕ ನೋಡಿ ಬಂದರು. ಹೆಂಡತಿ ಬಟ್ಟೆ ಮಡಿಚುತ್ತಾ, "ಸಂಜೆ ಆಯ್ತು. ಎಷ್ಟು ಸಾಲು ಆಯ್ತು?" ಎಂದಳು.

"ಐದು."

"ಬೇರೆಯವರಿಗೆ ಬೇಗ ಬರೀರಿ ಬರೀರಿ ಅಂತಿದ್ರಿ."

ತಮಾಷೆಗೆ ಅಂದದ್ದು. ಇಬ್ಬರೂ ನಗಲಿಲ್ಲ.

ಶನಿವಾರ ಸಮಿತಿಯ ಮೂವರ ಮುಂದೆ ಅದನ್ನು ಓದಿದರು. ಲೋಟ ತಮ್ಮದು, ಮೆಕ್ಯಾನಿಕ್ಕು ಹೇಳಿದ ಎಂಬುದು ತಾವು ಹೇಳಿದ ಸುಳ್ಳು, ಬಾಗಿಲಿಗೆ ಅಡ್ಡ ಕೂತದ್ದು ನಿಜ. ಪ್ರಿನ್ಸಿಪಾಲ್ ಮೇಡಂ ಓದು ಮುಗಿಯುವವರೆಗೂ ಕನ್ನಡಕ ಒರೆಸುತ್ತಿದ್ದರು. ಇಬ್ಬರು ವಿದ್ಯಾರ್ಥಿಗಳ ಮೇಲೆ ಏನೂ ಇಲ್ಲ ಎಂದು ತೀರ್ಮಾನವಾಯಿತು. ಇನ್ಸ್‌ಪೆಕ್ಟರ ಹೇಳಿಕೆಯನ್ನು ನೇಮಕದ ಫೈಲಿಗೆ ಸೇರಿಸುವುದು ಎಂದೂ ತೀರ್ಮಾನವಾಯಿತು. "ನಾನು ಹೇಳಿದ್ದೆ," ಎಂದರು ಮೇಡಂ ಹೊರಗೆ ಬಂದ ಮೇಲೆ. ಕೋಪವಿರಲಿಲ್ಲ. "ಈ ಸೆಮಿಸ್ಟರು ಮುಗಿಸಿಕೊಡಿ. ಆಮೇಲಿನದು ನನ್ನ ಕೈಯಲ್ಲಿಲ್ಲ."

ಸೋಮವಾರ ತರಗತಿ ತುಂಬಿತ್ತು. ಟೈಲರಮ್ಮ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಇದ್ದಳು. ಇನ್ಸ್‌ಪೆಕ್ಟರು ಹಾಜರಿ ಕೂಡ ಕರೆಯದೆ ಆ ಹೇಳಿಕೆಯನ್ನು ಮತ್ತೊಮ್ಮೆ ಓದಿದರು. ಶನಿವಾರಕ್ಕಿಂತ ಇದು ಕಷ್ಟವಾಯಿತು. ಸಮಿತಿಯವರು ಕಾಗದ ನೋಡುತ್ತಿದ್ದರು, ಇವರು ಮುಖ ನೋಡುತ್ತಿದ್ದರು.

ಓದಿ ಮುಗಿಸಿ ಕಾಗದ ಮಡಿಚಿದರು. ಲಿಫ್ಟ್ ಮೆಕ್ಯಾನಿಕ್ಕು ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತ.

"ಅಕ್ಕಾ, ಫೋನಲ್ಲಿ ಅಂದಿದ್ದು..."

"ಆಮೇಲೆ ಮಾತಾಡೋಣ, ಸರ್ ನಿಂತಿದಾರೆ."

ಅವನು ತಲೆ ಕೆರೆದುಕೊಂಡು ಇನ್ಸ್‌ಪೆಕ್ಟರ ಕಡೆ ತಿರುಗಿದ. "ಸರ್, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಡಿಪಾರ್ಟ್‌ಮೆಂಟಲ್ಲಿ ಇದ್ದಾಗಲೂ ಹಿಂಗಾಗಿತ್ತಾ?"

"ಗೊತ್ತಿಲ್ಲ."

ತರಗತಿಯಲ್ಲಿ ಆ ಮಾತನ್ನು ಅವರು ಎಂದೂ ಆಡಿರಲಿಲ್ಲ. ಉತ್ತರ ಬಾರದಾಗ ಪುಸ್ತಕ ತಿರುವುತ್ತಿದ್ದರು, ಇಲ್ಲವೆ ಹಲಗೆ ಒರೆಸುತ್ತಿದ್ದರು.

"ಗೊತ್ತಿಲ್ಲ," ಎಂದು ಮತ್ತೆ ಹೇಳಿದರು. "ಒಬ್ಬ ಬಣ್ಣ ಬಳಿಯೋನಿದ್ದ. ಅವನು ಬಣ್ಣ ಬಳೀತಿದ್ದ ಮನೆಯಲ್ಲಿ ಒಂದು ಸರ ಹೋಯ್ತು. ಅವನನ್ನ ತಂದು ಕೂರಿಸಿದ್ರು. ಇಪ್ಪತ್ತು ನಿಮಿಷಕ್ಕೆ ಒಪ್ಪಿಕೊಂಡ. ಎಲ್ಲಿಟ್ಟಿದ್ದೀ ಅಂದ್ರೆ ಮಾರಿದೆ ಅಂದ. ಯಾರಿಗೆ ಅಂದ್ರೆ ನೆನಪಿಲ್ಲ ಅಂದ. ಸರ ಸಿಗಲೇ ಇಲ್ಲ. ಕೋರ್ಟಲ್ಲೂ ಒಪ್ಪಿಕೊಂಡ, ಎರಡು ವರ್ಷ ಶಿಕ್ಷೆ ಆಯ್ತು. ಈ ನಾಲ್ಕು ದಿನದಿಂದ ಅವನೇ ಕಣ್ಣ ಮುಂದೆ ಬರ್ತಾನೆ. ಅವನು ಮಾಡಿರಲೂಬಹುದು."

"ಮಾರಿದೋನಿಗೆ ಯಾರಿಗೆ ಮಾರಿದೆ ಅಂತ ನೆನಪಿರಲ್ವಾ?" ಮುಂದಿನ ಬೆಂಚಿನಿಂದ ಯಾರೋ ಅಂದರು.

"ಆಗ ನನಗೆ ಅದು ಕಳ್ಳನ ಜಾಣತನ ಅನ್ನಿಸಿತ್ತು."

"ಸರ್," ಟೈಲರಮ್ಮ ಎದ್ದು ನಿಂತಳು. "ಅವತ್ತು ಅವನ ಮನೇಲಿ ಯಾರಿದ್ರು?"

"ಕೇಳಲಿಲ್ಲ."

"ಬೇರೆ ಯಾರಾದ್ರೂ ಕೆಲಸದೋರು ಇದ್ರಾ ಆ ಮನೇಲಿ?"

"ಇದ್ರು ಅನ್ಸುತ್ತೆ. ಅವನು ಒಪ್ಪಿಕೊಂಡ ಮೇಲೆ ಅವರನ್ನ ವಿಚಾರಿಸೋ ಅಗತ್ಯ ಬೀಳಲಿಲ್ಲ."

ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಸೀಮೆಸುಣ್ಣ ಹಿಡಿದು ಅವನ್ನೆಲ್ಲ ಹಲಗೆಗೆ ಏರಿಸಿದರು. ಸರ ಕಡೆಯ ಸಲ ಕಂಡವರು ಯಾರು, ಕಾಣೆಯಾಗಿದೆ ಎಂದು ಗೊತ್ತಾದದ್ದು ಯಾವಾಗ, ಅವನು ಆ ದಿನ ಯಾವ ಕೋಣೆಗೆ ಬಣ್ಣ ಬಳಿಯುತ್ತಿದ್ದ. ಹದಿನೇಳು ಪ್ರಶ್ನೆ. ಎರಡಕ್ಕೆ ಮಾತ್ರ ಅವರಲ್ಲಿ ಉತ್ತರವಿತ್ತು. ಗಂಟೆ ಹೊಡೆದಾಗ ಟೈಲರಮ್ಮ ಬಸ್ಸಿಗೆ ಹೊರಡುತ್ತಾ, ಎಲ್ಲರಿಗೂ ಕೇಳುವ ಹಾಗೇನಲ್ಲ, ಅಂದಳು: "ಅವನೀಗ ಎಲ್ಲಿದಾನೆ ಸರ್? ಅವನನ್ನೇ ಕೇಳಬಹುದಲ್ಲ."

ಮರುದಿನ ಬೆಳಗ್ಗೆ ಇನ್ಸ್‌ಪೆಕ್ಟರು ತಮ್ಮ ಹಳೆಯ ಠಾಣೆಗೆ ಹೋದರು. ಎದುರಿಗಿದ್ದ ಕಾನ್‌ಸ್ಟೇಬಲ್ಲು ಹೊಸಬ, ಇವರನ್ನು ಕಂಡವನಲ್ಲ. ಹಳೆಯ ಪ್ರಕರಣದ ಕಡತ ನೋಡಬೇಕು ಎಂದರೆ ಒಂದು ನಮೂನೆ ಕೊಟ್ಟ. ಇವರು ಗೋಡೆಗೆ ಒರಗಿಸಿ ಬರೆದರು: ವರ್ಷ, ಮನೆಯ ಬೀದಿ, ಬಣ್ಣದವನ ಹೆಸರಿನಲ್ಲಿ ನೆನಪಿದ್ದಷ್ಟು. ಒಂದು ಖಾಲಿ ಜಾಗ ಉಳಿಯಿತು.

"ಇಲ್ಲಿ ತುಂಬಿಲ್ಲ," ಎಂದ ಕಾನ್‌ಸ್ಟೇಬಲ್ಲು. "ಈ ಕೇಸಿಗೂ ನಿಮಗೂ ಏನು ಸಂಬಂಧ ಅಂತ ಬರೀಬೇಕು. ಆರೋಪಿ ಕಡೆಯವರೋ, ಫಿರ್ಯಾದಿ ಕಡೆಯವರೋ?"

ಇನ್ಸ್‌ಪೆಕ್ಟರು ನಮೂನೆಯನ್ನು ಮೇಲಿನಿಂದ ಮತ್ತೊಮ್ಮೆ ಓದಿದರು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

"ಬರೆಸಿಕೊಂಡವನು," ಎಂದರು.

"ಹಂಗಂದ್ರೆ?"

"ಹೇಳ್ತೀನಪ್ಪ," ಎಂದು ನಮೂನೆಯನ್ನು ಮೇಜಿನ ಮೇಲೆ ಇಟ್ಟರು. "ಸ್ವಲ್ಪ ಹೊತ್ತು ಹಿಡಿಯುತ್ತೆ. ಇವರದೆಲ್ಲ ಮುಗಿಸು, ನಾನಿರ್ತೀನಿ."